ಓಮಿಜಾ ಹಣ್ಣನ್ನು ಕುದಿಸಬೇಡಿ

ದಕ್ಷಿಣ ಕೊರಿಯಾದ ಸೋಲ್‌ನ ನಮ್ಮ ಮನೆಯ ಫ್ರಿಜ್ಜಿನಲ್ಲಿ ಬೇಸಿಗೆ ಪೂರ್ತಿ ಒಂದು ಜಗ್ ಓಮಿಜಾ ಚಹಾ ಇದ್ದೇ ಇರುತ್ತದೆ. ಚಹಾ ಅಂತ ಹೆಸರು ಅಷ್ಟೇ, ಚಹಾ ಎಲೆ ಒಂದೂ ಇಲ್ಲ. ಬಳ್ಳಿಯಲ್ಲಿ ಗೊಂಚಲಾಗಿ ಬಿಡುವ ಪುಟ್ಟ ಕೆಂಪು ಹಣ್ಣು, ತಣ್ಣೀರು, ಮುಗಿಯಿತು. ಬಣ್ಣ ನೋಡಿದರೆ ನಮ್ಮ ಪುನರ್ಪುಳಿ ಶರಬತ್ತೇ ನೆನಪಾಗುತ್ತದೆ.

ಒಣಗಿದ ಹಣ್ಣನ್ನು ನಾನು ತರುವುದು ಜೆಗಿ-ಡೊಂಗ್ ಸ್ಟೇಷನ್ ಹತ್ತಿರದ ಗಿಡಮೂಲಿಕೆ ಮಾರುಕಟ್ಟೆಯಿಂದ. ಮುಂಗ್ಯೊಂಗ್ ಊರಿನ ಕಡೆಯದು ಅಂದರೆ ಅಲ್ಲಿ ಒಳ್ಳೆಯ ಹೆಸರು. ಕಡುಕೆಂಪಾಗಿ, ಕೈಗೆ ಸ್ವಲ್ಪ ಅಂಟುವಂತಿರಬೇಕು. ಕಪ್ಪಾಗಿ ಕಲ್ಲಿನಂತಿದ್ದರೆ ಬಿಟ್ಟು ಬರುತ್ತೇನೆ.

ಒಂದು ಲೀಟರ್ ನೀರಿಗೆ 30 ಗ್ರಾಂ ಹಣ್ಣು ಸಾಕು. ಬೇಗ ತೊಳೆದು, ಕುದಿಸಿ ಆರಿಸಿದ ನೀರಿಗೆ ಹಾಕಿ, ರಾತ್ರಿ ಬಿಟ್ಟು ಬೆಳಿಗ್ಗೆ ಸೋಸುತ್ತೇನೆ. ಕಷಾಯ ಮಾಡಿ ಅಭ್ಯಾಸವಿರುವ ನಮ್ಮ ಕೈ ಸೀದಾ ಒಲೆ ಕಡೆಗೇ ಹೋಗುತ್ತದೆ, ಆದರೆ ಇದರಲ್ಲಿ ಸಿಪ್ಪೆ ಹುಳಿ, ತಿರುಳು ಸಿಹಿ, ಬೀಜ ಕಹಿ ಮತ್ತು ಖಾರ, ಒಟ್ಟಿಗೆ ಒಂಚೂರು ಉಪ್ಪು, ಹಾಗಾಗಿ ಕುದಿಸಿದರೆ ಬೀಜದ ಕಹಿಯೂ ಒಗರೂ ಜಾಸ್ತಿ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಬಿಸಿ ಬೇಕೇ ಬೇಕು ಅಂದರೆ ಸೋಸಿದ ಮೇಲೆ ಬೆಚ್ಚಗೆ ಮಾಡಿಕೊಳ್ಳಿ. ಜೇನು ಬೆರೆಸಿ, ಕೊರಿಯಾದ ಪೇರ್ ಹಣ್ಣನ್ನು ತೆಳ್ಳಗೆ ಹೆಚ್ಚಿ ತೇಲಿಬಿಟ್ಟರೆ ಅದೇ ಹ್ವಾಚೆ, ಅಂದರೆ ಹಣ್ಣು ತೇಲುವ ಕೊರಿಯಾದ ತಂಪು ಪಾನೀಯ.

ಸೆಪ್ಟೆಂಬರಿನಲ್ಲಿ ಹಸಿ ಹಣ್ಣು ಬರುತ್ತದೆ. ಆಗ ಅದರಷ್ಟೇ ತೂಕದ ಸಕ್ಕರೆ ಹಾಕಿ ಚೊಂಗ್, ಅಂದರೆ ಹಣ್ಣಿನ ಸಕ್ಕರೆ ಪಾಕ, ಮಾಡುತ್ತೇನೆ. ಮೇಲೆ ಸಕ್ಕರೆ ದಪ್ಪಗೆ ಮುಚ್ಚಿರಬೇಕು, ಇಲ್ಲವಾದರೆ ಬೂಷ್ಟು. ತಳದಲ್ಲಿ ಕೂತ ಸಕ್ಕರೆಯನ್ನು ಆಗಾಗ ಕದಡಬೇಕು. ಗ್ಯಾಸ್ ಬರುವುದರಿಂದ ಮುಚ್ಚಳ ಬಿಗಿ ಮಾಡಬಾರದು. ಇಲ್ಲಿ ಸಾಮಾನ್ಯವಾಗಿ 100 ದಿನ ಇಟ್ಟು ಸೋಸುತ್ತಾರೆ. ಕುಡಿಯುವಾಗ ಆ ಪಾಕ ಒಂದು ಪಾಲಿಗೆ ನಾಲ್ಕೈದು ಪಾಲು ನೀರು. ಸಕ್ಕರೆ ಕಾಯಿಲೆ ಇರುವವರಿಗೆ ಇದು ಆಗಿಬರುವುದಿಲ್ಲ, ಸುಮ್ನೆ "ಔಷಧಿ" ಅಂದುಕೊಂಡು ಕುಡಿಯಬೇಡಿ. ಇನ್ನೊಂದು ಮಾತು: ಈ ಜಾತಿಯ ಹಣ್ಣಿನ ಸಾರ ರಕ್ತದಲ್ಲಿ ಕೆಲವು ಮಾತ್ರೆಗಳ ಮಟ್ಟ ಏರಿಸುತ್ತದೆ, ಅಂಗ ಕಸಿಯಾದವರು ನುಂಗುವ ಟ್ಯಾಕ್ರೊಲಿಮಸ್ ಅದರಲ್ಲೊಂದು. ದಿನಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಕುಡಿಯಿರಿ.

ರಾತ್ರಿ ಊಟವಾದ ಮೇಲೆ ಮಾತ್ರ ನನಗೆ ಪರ್ಸಿಮನ್ ಅನ್ನುವ ಹಣ್ಣಿನ ಮರದ ಎಲೆಯ ಚಹಾ ಬೇಕು. ಅದರಲ್ಲಿ ಕೆಫೀನ್ ಇಲ್ಲ, ನಿದ್ದೆ ಕೆಡುವುದಿಲ್ಲ. ಎಲೆಯನ್ನು ಹಬೆಯಲ್ಲಿ ಬೇಯಿಸಿ ಒಣಗಿಸುವ ತಾಪತ್ರಯ ಯಾರಿಗೆ ಬೇಕು, ಅಲ್ವಾ? ಪ್ಯಾಕೆಟ್ಟೇ ತರುತ್ತೇನೆ. ಕುದ್ದ ನೀರು ಸ್ವಲ್ಪ ಆರಿದ ಮೇಲೆ ಹಾಕಿದರೆ ಆಯಿತು.