ಕಡಲಿಗೆ ಬಣ್ಣ ಮೊದಲು, ಶಾಯಿ ಆಮೇಲೆ

ಶಾಯಿ ಮತ್ತು ಜಲವರ್ಣ ಸೇರಿಸಿ ಚಿತ್ರ ಬರೆಯುವವರಲ್ಲಿ ಹೆಚ್ಚಿನವರು ಮೊದಲು ಪೆನ್ನಿನಿಂದ ಗೆರೆ ಹಾಕಿ, ಆಮೇಲೆ ಒಳಗೆ ಬಣ್ಣ ತುಂಬುತ್ತಾರೆ. ಕಟ್ಟಡ, ಬೀದಿ, ಮರಗಳಿಗೆ ಈ ಕ್ರಮ ಒಪ್ಪುತ್ತದೆ, ಕಡಲಿಗೆ ಒಗ್ಗುವುದಿಲ್ಲ. ಅಲೆಯ ಸುತ್ತ ಕಪ್ಪು ಗೆರೆ ಬಿತ್ತೆಂದರೆ ನೀರಿನ ಚಲನೆ ಅಲ್ಲೇ ನಿಂತುಬಿಡುತ್ತದೆ. ಅದಕ್ಕೇ ಇಲ್ಲಿ ಕ್ರಮ ತಿರುವುಮುರುವು.

ಏನೇನು ಬೇಕು?

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕ) ದಪ್ಪದ, ತುಸು ತರಿತರಿಯಾದ ಜಲವರ್ಣ ಹಾಳೆ. ತೆಳು ಹಾಳೆ ನೀರು ಕುಡಿದು ಉಬ್ಬುತ್ತದೆ. ಅಗಲದ ಚಪ್ಪಟೆ ಬ್ರಷ್ ಒಂದು, ಮೊನೆ ಚೂಪಾದ ದುಂಡು ಬ್ರಷ್ ಒಂದು. ಬಣ್ಣ ನಾಲ್ಕು ಸಾಕು: ಅಲ್ಟ್ರಾಮರೀನ್ (ಗಾಢ ನೀಲಿ), ಪ್ರಷ್ಯನ್ ಬ್ಲೂ (ತುಸು ಹಸಿರು ಛಾಯೆಯ ಕಡುನೀಲಿ), ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು), ನಿಂಬೆ ಹಳದಿ. ಒಣಗಿದ ಮೇಲೆ ನೀರಿಗೆ ಕರಗದ ಕಪ್ಪು ಶಾಯಿ, ಅದ್ದಿ ಬರೆಯುವ ನಿಬ್ಬಿನ ಪೆನ್ನು. ಇಂಥ ಶಾಯಿಗಳಲ್ಲಿ ಒಂದಾದ, ಅರಗು ಬೆರೆತ ಇಂಡಿಯನ್ ಇಂಕನ್ನು ಫೌಂಟನ್ ಪೆನ್ನಿಗೆ ತುಂಬಿಸಬೇಡಿ, ಒಳಗೇ ಗಟ್ಟಿಯಾಗಿ ಪೆನ್ನು ಕೆಡುತ್ತದೆ.

ಹಂತ 1: ದಿಗಂತ

ಹಾಳೆಯ ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ಹಲಗೆಗೆ ಬಿಗಿಯಿರಿ. ದಿಗಂತದ ಗೆರೆ ಹಾಳೆಯ ನಟ್ಟನಡುವೆ ಬೇಡ, ಮೇಲೆ ಅಥವಾ ಕೆಳಗೆ ಸರಿಸಿ. ಸ್ಕೇಲ್ ಇಟ್ಟೇ ಎಳೆಯಿರಿ. ಎರಡು ಮಿಲಿಮೀಟರ್ ಓರೆಯಾದರೂ ಸಮುದ್ರ ಒಂದು ಬದಿಗೆ ಚೆಲ್ಲುತ್ತಿರುವಂತೆ ಕಾಣುತ್ತದೆ.

ಹಂತ 2: ಆಕಾಶ

ದಿಗಂತದವರೆಗೆ ಬರೀ ನೀರು ಸವರಿ. ಹಾಳೆ ಮಿನುಗುತ್ತಿರುವಾಗಲೇ ಅಲ್ಟ್ರಾಮರೀನ್‌ಗೆ ಚೂರು ಬರ್ನ್ಟ್ ಸಿಯೆನ್ನಾ ಬೆರೆಸಿದ ಬೂದು ಬಣ್ಣವನ್ನು ಅಲ್ಲಲ್ಲಿ ತಾಗಿಸಿ, ತಾನಾಗಿ ಹರಡಲು ಬಿಡಿ. ಮೋಡ ಬೇಕಾದಲ್ಲಿ ಟಿಶ್ಯೂ ಒತ್ತಿ ಬಣ್ಣ ಎತ್ತಿ. ಅರೆ ಒಣಗಿದ ಮೇಲೆ ಮತ್ತೆ ಬ್ರಷ್ ಆಡಿಸಿದರೆ ಹೂಕೋಸಿನ ಅಂಚಿನಂಥ ಕಲೆ ಉಳಿಯುತ್ತದೆ. ಸುಮ್ಮನೆ ಕೂರುವುದೇ ಇಲ್ಲಿ ಕಷ್ಟದ ಕೆಲಸ. ಒಣಗಿದೆಯೇ ನೋಡಲು ಅಂಗೈಯ ಹಿಂಭಾಗ ತಾಗಿಸಿ. ತಣ್ಣಗಿದ್ದರೆ ಇನ್ನೂ ತೇವವಿದೆ.

ಹಂತ 3: ನೀರು

ಜಲವರ್ಣದಲ್ಲಿ ನೊರೆಯ ಬಿಳುಪು ಎಂದರೆ ಹಾಳೆಯದೇ ಬಿಳುಪು. ಆದ್ದರಿಂದ ಬಣ್ಣ ಕಲಸುವ ಮೊದಲೇ ನೊರೆ ಎಲ್ಲೆಲ್ಲಿ ಎಂದು ತೀರ್ಮಾನಿಸಿ. ಬಿಳಿ ಮೇಣದಬತ್ತಿಯ ತುದಿಯನ್ನು ಅಲ್ಲಿ ಉಜ್ಜಿದರೆ ಬಣ್ಣ ಹಿಡಿಯುವುದಿಲ್ಲ. ಆದರೆ ಆ ಮೇಣ ಮತ್ತೆ ಹೋಗುವುದಿಲ್ಲ, ಲೆಕ್ಕ ಹಾಕಿಯೇ ಉಜ್ಜಿ.

ದೂರದ ನೀರಿಗೆ ಅಡ್ಡಡ್ಡ ತೆಳು ಪಟ್ಟಿಗಳು; ಹತ್ತಿರ ಬಂದಂತೆ ಪಟ್ಟಿಗಳು ಅಗಲವಾಗಬೇಕು, ನಡುವಿನ ಅಂತರ ಹೆಚ್ಚಬೇಕು. ಬಿಸಿಲು ಫಳಫಳಿಸುವ ಜಾಗಕ್ಕೆ ಡ್ರೈ ಬ್ರಷ್: ಬ್ರಷ್‌ನ ನೀರನ್ನು ಬಟ್ಟೆಗೆ ಒತ್ತಿ ತೆಗೆದು, ಮಲಗಿಸಿ, ಒಂದೇ ಬೀಸಿನಲ್ಲಿ ಎಳೆಯಿರಿ. ಬಣ್ಣ ತರಿಯ ಉಬ್ಬುಗಳಿಗಷ್ಟೇ ಅಂಟಿ, ತಗ್ಗುಗಳು ಬೆಳ್ಳಗೆ ಉಳಿಯುತ್ತವೆ.

ಮಗುಚುವ ಅಲೆಯನ್ನು ಸರಿಯಾಗಿ ನೋಡಿ. ಅದರ ನೆತ್ತಿಯ ಕೆಳಗೆ ನೀರಿನ ಪದರ ತೆಳುವಾಗಿ ಬೆಳಕು ಹಾಯುತ್ತದೆ. ಅಲ್ಲಿಗೆ ಪ್ರಷ್ಯನ್ ಬ್ಲೂ ಮತ್ತು ನಿಂಬೆ ಹಳದಿಯ ತಿಳಿ ಹಸಿರು; ಬುಡಕ್ಕೆ ಇಳಿದಂತೆ ಕಡುನೀಲಿ. ಜಲವರ್ಣ ಒಣಗಿದಾಗ ಮಂಕಾಗುವುದರಿಂದ ಬೇಕಾದ್ದಕ್ಕಿಂತ ಒಂದು ಪಾಲು ಗಾಢವಾಗಿಯೇ ಹಚ್ಚಿ. ನೊರೆಗೂ ನೆರಳುಂಟು: ಅದರ ಕೆಳಮೈಗೆ ನೀರಾದ ಬೂದು ಸವರದಿದ್ದರೆ ಹತ್ತಿ ಅಂಟಿಸಿದ ಹಾಗೆ ತೋರುತ್ತದೆ.

ಹಂತ 4: ಶಾಯಿ

ಹಾಳೆ ಪೂರ್ತಿ ಒಣಗಲಿ. ಶಾಯಿ ಬಂಡೆಗೆ, ದೋಣಿಗೆ, ಹಕ್ಕಿಗೆ ಮಾತ್ರ. ನೀರಿನಲ್ಲಿ ಅಲೆಯ ನೆರಳಿನ ಕೆಳಗೆ ನಾಲ್ಕಾರು ತುಂಡು ಗೆರೆ ಸಾಕು. ದೂರದ ಹಡಗಿಗೆ ಶಾಯಿಯನ್ನು ನೀರು ಬೆರೆಸಿ ತೆಳುಮಾಡಿಕೊಳ್ಳಿ, ಇಲ್ಲವಾದರೆ ಅದು ಮುಂದಕ್ಕೆ ಜಿಗಿಯುತ್ತದೆ.

ನನಗೆ ಅಚ್ಚುಮೆಚ್ಚಿನ ತಂತ್ರ ಬಂಡೆಯ ಬುಡದ್ದು. ಅಲ್ಲಿ ಎಳೆದ ಗೆರೆ ಇನ್ನೂ ಹಸಿಯಾಗಿರುವಾಗ ಒದ್ದೆ ಬ್ರಷ್‌ನ ಮೊನೆ ತಾಗಿಸಿ ಕೆಳಕ್ಕೆ ಎಳೆದರೆ ಶಾಯಿ ಕದಡಿ ಇಳಿಯುತ್ತದೆ, ಬಂಡೆಯ ನೆರಳು ನೀರಿನಲ್ಲಿ ಮೂಡುತ್ತದೆ. ತಡಮಾಡಿದರೆ ಗೆರೆ ಕದಲುವುದಿಲ್ಲ.

ಹಂತ 5: ಕೊನೆಯ ಕೈ

ತುಂತುರು ಮರೆತುಹೋಗಿದ್ದರೆ ಬ್ಲೇಡಿನ ತುದಿಯಿಂದ ಒಣಗಿದ ಬಣ್ಣವನ್ನು ಹಗುರಾಗಿ ಕೆರೆಯಿರಿ, ಅಡಿಯ ಬಿಳುಪು ಚುಕ್ಕಿಯಾಗಿ ಏಳುತ್ತದೆ. ಇಂಗ್ಲಿಷ್ ಕಲಾವಿದ ಟರ್ನರ್ ಕೂಡ ತನ್ನ ಜಲವರ್ಣಗಳಲ್ಲಿ ಹೀಗೆ ಕೆರೆದು ಬೆಳಕು ತೆಗೆಯುತ್ತಿದ್ದ. ಕೆರೆದ ಜಾಗಕ್ಕೆ ಮತ್ತೆ ಬಣ್ಣ ಹಚ್ಚಬೇಡಿ, ಹರಿದ ನಾರು ಅದನ್ನು ಹೀರಿ ಕಲೆಯಾಗುತ್ತದೆ. ಕಡೆಗೆ ಟೇಪನ್ನು ಚಿತ್ರದಿಂದ ಹೊರಮುಖವಾಗಿ, ಹಾಳೆಗೆ ತಾಗಿಸಿಕೊಂಡೇ ನಿಧಾನವಾಗಿ ಬಿಡಿಸಿ.