ಹತ್ತು ನೋಟದ ಹಾಳೆ: ಎಡಿಎಚ್‌ಡಿ ಅನುಮಾನ ಬಂದಾಗ ತರಗತಿಯಲ್ಲಿ ನಾವು ಮಾಡುವುದು

ನಮ್ಮ ಜಗಳೂರು ಕಡೆಯ ಸರ್ಕಾರಿ ಶಾಲೆಯಲ್ಲಿ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ಅಥವಾ ಚಟುವಟಿಕೆ ಮಿತಿಮೀರಿದ ತೊಂದರೆ, ಕಣ್ಣಿಗೆ ಬೀಳುವುದು ಹೆಚ್ಚಾಗಿ ನಾಲ್ಕನೇ ತರಗತಿಯಲ್ಲಿ. ಮೂರನೆಯವರೆಗೆ ನಲಿಕಲಿ, ಅಂದರೆ ಚಟುವಟಿಕೆಯ ಮೂಲಕ ಕಲಿಯುವ ಪದ್ಧತಿ; ಮಗು ಕಾರ್ಡು ತರಲು ಏಳುತ್ತದೆ, ತಟ್ಟೆ (ಕಲಿಕೆಯ ಗುಂಪು) ಬದಲಾಯಿಸುತ್ತದೆ, ನೆಲದ ಮೇಲೆ ಕೂತು ಬರೆಯುತ್ತದೆ. ನಾಲ್ಕಕ್ಕೆ ಬಂದರೆ 40 ನಿಮಿಷ ಬೆಂಚು, ಬೋರ್ಡು ನೋಡಿ ಬರೆಯುವ ಕೆಲಸ. ಆಗ ಮಗುವಿಗೆ ‘ತುಂಟ’, ‘ಸೋಮಾರಿ’ ಎಂಬ ಹೆಸರು ಬೀಳುತ್ತದೆ. ಆ ಹೆಸರಿನಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಅವರಿಗೆ ಬೇಕಾದದ್ದು ಲೆಕ್ಕ.

ಲೆಕ್ಕಕ್ಕೆ ಒಂದು ಹಾಳೆ ಸಾಕು. ಬೆಳಿಗ್ಗೆ ಒಂದು ಪೀರಿಯಡ್, ಬಿಸಿಯೂಟದ ನಂತರ ಒಂದು, ಹೀಗೆ ಎರಡು ವಾರ. ಮಕ್ಕಳು ಬರೆಯುತ್ತಿರುವ 20 ನಿಮಿಷ ಆರಿಸಿಕೊಂಡು, ಗಡಿಯಾರ ನೋಡಿ 2 ನಿಮಿಷಕ್ಕೊಮ್ಮೆ ತಲೆ ಎತ್ತುತ್ತೇವೆ. ಆ ಕ್ಷಣ ಮಗು ಕೆಲಸದಲ್ಲಿದ್ದರೆ ಗೆರೆ, ಇಲ್ಲದಿದ್ದರೆ ಸೊನ್ನೆ. ಒಟ್ಟು 10 ನೋಟ. ಅದೇ ವಯಸ್ಸಿನ ಇನ್ನೊಂದು ಮಗುವಿಗೂ ಪಕ್ಕದಲ್ಲೇ ಗೆರೆ ಹಾಕಬೇಕು. ಇಬ್ಬರಿಗೂ 4 ಗೆರೆಯೇ ಬಂದರೆ ತೊಂದರೆ ಪಾಠದಲ್ಲಿದೆ, ಮಗುವಿನಲ್ಲಲ್ಲ. ಯಾವ ವಿಷಯ, ಯಾವ ಕೆಲಸ ಎಂದು ಎದುರಿಗೆ ಬರೆದಿಡಿ. ಗದ್ದಲ ಕೇಳಿದಾಗ ಮಾತ್ರ ತಲೆ ಎತ್ತಿದರೆ ಹಾಳೆ ಕೆಟ್ಟಿತೆಂದೇ ಲೆಕ್ಕ: ಓಡಾಡುವ ಹುಡುಗ ಸಿಗುತ್ತಾನೆ, ಕಿಟಕಿ ನೋಡುತ್ತ ಸುಮ್ಮನೆ ಕೂತ ಹುಡುಗಿ ಸಿಗುವುದೇ ಇಲ್ಲ. ಚಟುವಟಿಕೆ ಹೆಚ್ಚಿಲ್ಲದೆ ಗಮನ ಮಾತ್ರ ನಿಲ್ಲದ ಬಗೆಯೂ ಎಡಿಎಚ್‌ಡಿಯೇ.

ಹಾಳೆಯ ಜೊತೆಗೆ ಬೇರೆ ಕಾರಣಗಳನ್ನೂ ನೋಡುತ್ತೇವೆ. ಕಣ್ಣು, ಕಿವಿ, ರಕ್ತಹೀನತೆ, ನಿದ್ದೆ. ಮನೆಯಲ್ಲಿ ಲಂಬಾಣಿ, ಉರ್ದು, ಮೊಳಕಾಲ್ಮೂರು ಚಳ್ಳಕೆರೆ ಕಡೆಯಾದರೆ ತೆಲುಗು ಆಡುವ ಮಗು ಕನ್ನಡ ಅರ್ಥವಾಗದೆ ಕೂತಿರಬಹುದು. ತರಗತಿಯಲ್ಲೇ ಎಲ್ಲರಿಗಿಂತ ಚಿಕ್ಕ ವಯಸ್ಸಿನ ಮಗುವೂ ಹೀಗೆ ಕಾಣುತ್ತದೆ. ಕೆಲವು ಸೆಕೆಂಡು ಶೂನ್ಯ ನೋಡಿ, ಭುಜ ಮುಟ್ಟಿ ಕರೆದರೂ ಎಚ್ಚರವಾಗದಿದ್ದರೆ ಅದು ಮೂರ್ಛೆರೋಗದ ಒಂದು ಬಗೆ ಇರಬಹುದು. ಎರಡು ವಾರ ಕಾಯದೆ ಕೂಡಲೇ ಮಕ್ಕಳ ವೈದ್ಯರಿಗೆ ತೋರಿಸಬೇಕು.

ತಾಯಿಯ ಹತ್ತಿರ ‘ಗಮನ ಇದೆಯಾ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ‘ಅಂಗಡಿಗೆ ಎರಡು ಸಾಮಾನಿಗೆ ಕಳಿಸಿದರೆ ಎರಡೂ ತರ್ತಾನೇನಮ್ಮಾ? ಊಟಕ್ಕೆ ಕೂತವನು ಮಧ್ಯೆ ಎಷ್ಟು ಸಲ ಏಳ್ತಾನೆ?’ ಎಂದು ಕೇಳಬೇಕು. ‘ಮೊಬೈಲ್ ಕೊಟ್ರೆ ಎರಡು ಗಂಟೆ ಅಲ್ಲಾಡಲ್ಲ ಸಾರ್’ ಎನ್ನುತ್ತಾರೆ. ಅದರಿಂದ ತೊಂದರೆ ಇಲ್ಲವೆಂದಾಗುವುದಿಲ್ಲ. ಕ್ಷಣಕ್ಷಣಕ್ಕೂ ಹೊಸದನ್ನು ಕೊಡುವ ವಸ್ತುವಿನ ಮುಂದೆ ಈ ಮಕ್ಕಳೂ ಕೂರುತ್ತಾರೆ. ಮನೆಯ ಮಾತು ಬೇಕೇ ಬೇಕು, ಏಕೆಂದರೆ ಲಕ್ಷಣಗಳು 12 ವರ್ಷದೊಳಗೆ ಶುರುವಾಗಿ, 6 ತಿಂಗಳಾದರೂ ಇದ್ದು, ಮನೆ ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕೆಂಬುದು ವೈದ್ಯರ ಮಾನದಂಡ. ಹೆಸರಿಡುವ ಕೆಲಸ ಅವರದು, ನಮ್ಮದಲ್ಲ. ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡಕ್ಕೆ ಹಾಳೆ ತೋರಿಸಿದರೆ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ನಮಗೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆ. ಪೋಷಕರು ಹೆದರಿದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನು ಮಾಡಿ ಮಾತಾಡಲಿ.

ತರಗತಿಯ ಕೆಲಸ ಅಲ್ಲಿಯವರೆಗೆ ಕಾಯಬೇಕಿಲ್ಲ. ಮುಂದಿನ ಬೆಂಚು, ಬಾಗಿಲು ಕಿಟಕಿಯಿಂದ ದೂರ, ಸಮಾಧಾನದ ಮಗುವಿನ ಪಕ್ಕ. ಮೂಲೆಯಲ್ಲಿ ಒಂಟಿಯಾಗಿ ಕೂರಿಸಬಾರದು. 10 ಲೆಕ್ಕವನ್ನು 3, 3, 4 ಎಂದು ಒಡೆದು, ಹಾಳೆ ಮಡಚಿ ಒಂದು ಭಾಗ ಮಾತ್ರ ಕಾಣುವಂತೆ ಕೊಡುತ್ತೇವೆ. ಪ್ರತಿ ಭಾಗ ಮುಗಿದಾಗ ಎದ್ದು ಬಂದು ತೋರಿಸಲಿ, ನಡುವೆ ಬೋರ್ಡು ಒರೆಸಲಿ, ಪುಸ್ತಕ ಹಂಚಲಿ. ಏಳುವುದನ್ನು ತಡೆಯಲಾಗದು, ಏಳುವುದಕ್ಕೊಂದು ಕೆಲಸ ಕೊಡಬಹುದು. ಸೂಚನೆ ಹತ್ತಿರ ಹೋಗಿ, ಹೆಸರು ಹಿಡಿದು, ಒಂದು ಸಲಕ್ಕೆ ಒಂದೇ. ಮಗು ಅದನ್ನು ತಿರುಗಿ ಹೇಳಬೇಕು.

ಮಗುವಿಗೆ ಒಂದು ದಿನದ ಕಾರ್ಡು ಮಾಡಿ, ಗುರಿ ಮುಟ್ಟಿದ ಪ್ರತಿ ಪೀರಿಯಡ್‌ಗೆ ಅದರಲ್ಲಿ ಗುರುತು ಹಾಕುತ್ತೇವೆ. ಅದರಲ್ಲಿ ಎರಡೇ ಗುರಿ, ‘ಕೂಗಬೇಡ’ ಎಂದಲ್ಲ, ‘ಕೈ ಎತ್ತಿ ಮಾತಾಡು’ ಎಂದು. 8 ಪೀರಿಯಡ್‌ನಲ್ಲಿ ಈಗ 3ರಲ್ಲಿ ಆಗುತ್ತಿದ್ದರೆ ಗುರಿ 4, ನೇರ 8 ಅಲ್ಲ. ಬಹುಮಾನ ಅದೇ ದಿನ: ಗಂಟೆ ಹೊಡೆಯುವುದು, ಚೆಂಡು ಹಿಡಿದು ಮೈದಾನಕ್ಕೆ ಮೊದಲು ಹೋಗುವುದು. ಶನಿವಾರ ಕೊಡುತ್ತೇವೆಂದರೆ ಕಾರ್ಡು ಬುಧವಾರಕ್ಕೇ ಸತ್ತುಹೋಗುತ್ತದೆ. ಗಳಿಸಿದ ಗುರುತನ್ನು ಸಿಟ್ಟಿನಲ್ಲಿ ಅಳಿಸಿದರೂ ಅಷ್ಟೇ. ಎಲ್ಲಕ್ಕಿಂತ ದೊಡ್ಡ ತಪ್ಪು ಆಟದ ಪೀರಿಯಡ್ ಕಿತ್ತುಕೊಳ್ಳುವುದು. ಈ ಮಕ್ಕಳಿಗೆ ಓಟ ಎಲ್ಲರಿಗಿಂತ ಹೆಚ್ಚು ಬೇಕು.

ವೈದ್ಯರು ಎಡಿಎಚ್‌ಡಿಗೆ ಮಾತ್ರೆ ಶುರುಮಾಡಿದರೆ ಆ ಹತ್ತು ನೋಟದ ಹಾಳೆಯಲ್ಲೇ ಮಾತ್ರೆಯ ಹೊತ್ತನ್ನೂ ಬರೆಯಿರಿ. ಮೀಥೈಲ್‌ಫೆನಿಡೇಟ್ ಎಂಬ ಔಷಧಿಯ ಸಾಮಾನ್ಯ ಮಾತ್ರೆ (ದಿನವಿಡೀ ನಿಧಾನವಾಗಿ ಬಿಡುಗಡೆಯಾಗುವ ಬಗೆಯಲ್ಲ) ಸುಮಾರು 4 ಗಂಟೆ ಕೆಲಸ ಮಾಡುತ್ತದೆ; ಎಂಟೂವರೆಗೆ ನುಂಗಿದರೆ ಮಧ್ಯಾಹ್ನದ ಪೀರಿಯಡ್‌ಗೆ ಹಳೆಯ ಸ್ಥಿತಿ ಮರಳುತ್ತದೆ. ‘ಮಾತ್ರೆ ಹಿಡಿಯಲಿಲ್ಲ’ ಎಂದು ಮನೆಯವರು ನಿಲ್ಲಿಸುವುದು ಇಲ್ಲಿಯೇ. ಹಸಿವೂ ಕಡಿಮೆಯಾಗುತ್ತದೆ, ಬಿಸಿಯೂಟದ ತಟ್ಟೆ ಹಾಗೇ ಉಳಿಯುತ್ತದೆ. ಮಾತ್ರೆಗೆ ಮೊದಲು ಹೊಟ್ಟೆ ತುಂಬ ತಿಂಡಿ, ರಾತ್ರಿ ಗಟ್ಟಿ ಊಟ ಕೊಡಲು ಹೇಳುತ್ತೇವೆ, ತಿಂಗಳಿಗೊಮ್ಮೆ ಶಾಲೆಯಲ್ಲೇ ತೂಕ ನೋಡುತ್ತೇವೆ. ಆಟೊಮಾಕ್ಸೆಟಿನ್ ಎಂಬ ಇನ್ನೊಂದು ಔಷಧಿ ಆದರೆ ಗುಣ ತಿಳಿಯಲು ಕೆಲವು ವಾರ ಬೇಕು. ಪ್ರಮಾಣ ಬದಲಾಯಿಸುವುದು, ನಿಲ್ಲಿಸುವುದು ವೈದ್ಯರನ್ನು ಕೇಳಿಯೇ.

ಮಾರ್ಚ್ ಕೊನೆಗೆ ಹಾಳೆ, ಕಾರ್ಡು, ತೂಕದ ಪಟ್ಟಿ ಮೂರನ್ನೂ ಒಂದೇ ಫೈಲಿಗೆ ಹಾಕಿ ಐದನೇ ತರಗತಿಯ ಮೇಷ್ಟ್ರ ಕೈಗೆ ಕೊಡುತ್ತೇವೆ, ಯಾವ ಬೆಂಚು, ಯಾರ ಪಕ್ಕ ಎಂದು ಮೇಲೆ ಬರೆದು.