ಕಾಲಂ 3, ಕಾಲಂ 9
ಜಮೀನಿನ ಹಕ್ಕುದಾಖಲೆಗಳಾದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವ ‘ಭೂಮಿ’ ಯೋಜನೆ ನಮ್ಮ ತಾಲ್ಲೂಕಿಗೆ ಬಂದಾಗ ನಾನು ಶಿರಸ್ತೇದಾರ. ರಾಜ್ಯದಲ್ಲಿ ಒಟ್ಟು ಸುಮಾರು 2 ಕೋಟಿ ಪಹಣಿಗಳು. ನಮ್ಮ ಪಾಲಿನವು ಗ್ರಾಮ ಲೆಕ್ಕಿಗರ ಪೆಟ್ಟಿಗೆಗಳಿಂದ ಒಂದೊಂದಾಗಿ ಹೊರಬಂದವು. ಕೆಲವು ಪುಸ್ತಕಗಳ ಅಂಚನ್ನು ಗೆದ್ದಲು ತಿಂದಿತ್ತು. ಟೈಪ್ ಮಾಡುವ ಹುಡುಗರಿಗೆ ಕಂದಾಯದ ಭಾಷೆ ಹೊಸದು. ‘ಕೋಂ’ ಇದ್ದಲ್ಲಿ ‘ಬಿನ್’ ಒತ್ತಿದರೆ ಹೆಂಡತಿ ಗಂಡನಿಗೇ ಮಗನಾಗಿಬಿಡುತ್ತಿದ್ದಳು. ಇಂಥವನ್ನು ನಕ್ಕು ತಿದ್ದುತ್ತಿದ್ದೆವು.

ನಗು ಬಾರದ್ದು ಕಾಲಂ 3 ಮತ್ತು 9ರ ತಾಳೆ. ಮೂರರಲ್ಲಿ ಸರ್ವೆ ನಂಬರಿನ ವಿಸ್ತೀರ್ಣ, ಒಂಬತ್ತರಲ್ಲಿ ಹಕ್ಕುದಾರರ ಹೆಸರು, ಅವರವರ ಪಾಲು. ಒಂದು ಪುಟ ಇಂದಿಗೂ ಕಣ್ಣಮುಂದಿದೆ. ವಿಸ್ತೀರ್ಣ 4 ಎಕರೆ 20 ಗುಂಟೆ. ಮೂವರು ಅಣ್ಣತಮ್ಮಂದಿರಿಗೆ ತಲಾ 1-20, ಅಂದರೆ 1 ಎಕರೆ 20 ಗುಂಟೆ; ಎಕರೆಗೆ 40 ಗುಂಟೆ. ಅಲ್ಲಿಗೆ ಲೆಕ್ಕ ಮುಗಿಯಬೇಕು. ಆದರೆ ಕೆಳಗೆ ಬೇರೆ ಶಾಯಿಯಲ್ಲಿ ಇನ್ನೊಂದು ಹೆಸರು, 0-22. ಕೂಡಿದರೆ 5-02! ಇಲ್ಲದ 22 ಗುಂಟೆಯನ್ನು ಆ ಪುಟ ಎಷ್ಟೋ ವರ್ಷ ಹೊತ್ತುಕೊಂಡಿತ್ತು, ಯಾರೂ ಕೂಡಿ ನೋಡಿರಲಿಲ್ಲ.

ಹಕ್ಕು ಬದಲಾವಣೆಗಳನ್ನು ಬರೆದಿಡುವ ಮ್ಯುಟೇಶನ್ ರಿಜಿಸ್ಟರ್ ತೆಗೆಸಿದೆ. ನಡುವಿನ ತಮ್ಮ 22 ಗುಂಟೆ ಮಾರಿದ್ದ. ಕೊಂಡವನ ಹೆಸರು ಪಹಣಿಗೆ ಇಂಡೀಕರಣವಾಗಿತ್ತು, ಅಂದರೆ ರಿಜಿಸ್ಟರಿನಿಂದ ಪಹಣಿಗೆ ಏರಿತ್ತು; ಮಾರಿದವನ ಪಾಲನ್ನು ಕಳೆಯುವುದು ಮಾತ್ರ ಬಿಟ್ಟುಹೋಗಿತ್ತು. ಆದೇಶ ಕೈಯಲ್ಲೇ ಇದ್ದುದರಿಂದ 0-38 ಎಂದು ತಿದ್ದಿಸಿದೆ.

ಎಲ್ಲ ಪುಟಗಳಿಗೂ ಇಷ್ಟು ಹೊತ್ತು ಕೊಡಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಗಡುವು ಹತ್ತಿರವಾದಂತೆ ಇದ್ದದ್ದನ್ನು ಇದ್ದಂತೆಯೇ ಏರಿಸಿದೆವು. ಆಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. 1964ರ ಭೂ ಕಂದಾಯ ಕಾಯ್ದೆಯ 133ನೇ ಕಲಮಿನಂತೆ ದಾಖಲೆಯಲ್ಲಿ ಇರುವುದು, ಸುಳ್ಳೆಂದು ಸಾಬೀತಾಗುವವರೆಗೆ, ನಿಜ. ನಮ್ಮ ಆತುರಕ್ಕೂ ಆ ಗೌರವ ಸಿಕ್ಕಿತು.

ಜನರಿಗೆ ಕಣ್ಣಿಗೆ ಬಿದ್ದದ್ದು ಆಗ 15 ರೂಪಾಯಿಗೆ ಕೈಗೆ ಬರುತ್ತಿದ್ದ ಮುದ್ರಿತ ಪಹಣಿ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಸರದಿ. ಖಾತೆ ಬದಲಾವಣೆಯ ಅರ್ಜಿಯನ್ನು ಬಂದ ಕ್ರಮದಲ್ಲೇ ತೆಗೆದುಕೊಳ್ಳಬೇಕಾಯಿತು. ಬೇಕಾದವರ ಕಾಗದವನ್ನು ಮೇಲಕ್ಕೆ ಎಳೆಯುವ ಕೈಚಳಕ ನಿಂತಿತು. ಬೆರಳಚ್ಚು ಕೊಟ್ಟು ಒಳಹೊಕ್ಕವರ ಹೆಸರು ಉಳಿಯುತ್ತಿದ್ದುದರಿಂದ ‘ನಾನಲ್ಲ’ ಎನ್ನುವಂತೆಯೂ ಇರಲಿಲ್ಲ.

ಆದರೆ ಎಷ್ಟು ಗುಂಟೆ ಎಂದು ಹೇಳಿದ ಯಂತ್ರ ಎಲ್ಲಿ ಎಂದು ಹೇಳಲಿಲ್ಲ. ಪೋಡಿಯಾಗದ, ಅಂದರೆ ಪಾಲುಗಳನ್ನು ಅಳೆದು ಬೇರೆ ಬೇರೆ ಮಾಡದ, ಜಂಟಿ ನಂಬರಿನಲ್ಲಿ ಆ 22 ಗುಂಟೆ ಬಾವಿಯ ಕಡೆಯದೋ ಕಲ್ಲುಗುಡ್ಡದ ಕಡೆಯದೋ? ಭಾಗಶಃ ಮಾರಾಟಕ್ಕೆ, ಮಾರುವ ತುಂಡನ್ನು ಅಳೆದು ಗುರುತಿಸುವ 11ಇ ನಕ್ಷೆ ಬೇಕೆಂಬ ನಿಯಮ ತಡವಾಗಿ ಬಂತು. ಅಳತೆ ಮೊದಲು, ನೋಂದಣಿ ಆಮೇಲೆ ಎಂಬ ಕ್ರಮದಿಂದಲೇ ನಾವು ಶುರು ಮಾಡಬೇಕಿತ್ತು.

ಕೌಂಟರಿನಲ್ಲಿ ರೈತರ ಕಡೆಗೆ ತಿರುಗಿಸಿದ ಇನ್ನೊಂದು ಪರದೆ ಇತ್ತು. ಒಂದು ದಿನ ಆ ನಡುವಿನ ತಮ್ಮ ಅದರ ಮುಂದೆ ನಿಂತ. ಆಗಲೇ ತಲೆ ಪೂರ್ತಿ ನರೆತಿತ್ತು.

“ಸ್ವಾಮಿ, ನನ್ನ 22 ಗುಂಟೆಯನ್ನು ನಿಮ್ಮ ಯಂತ್ರ ತಿಂದಿತಲ್ಲ!”

“ಯಜಮಾನರೇ, ಮಾರಿದವರು ನೀವೇ ಅಲ್ಲವೇ?” ಎಂದು ರಿಜಿಸ್ಟರ್ ತೆರೆದು ಅವರ ಹೆಬ್ಬೆಟ್ಟಿನ ಗುರುತು ತೋರಿಸಿದೆ. ಬಹಳ ಹೊತ್ತು ನೋಡಿದರು. ಪಹಣಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಮರುವಾರವೇ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ ಹಾಕಿದರು. ನಾನು ನಿವೃತ್ತನಾಗುವಾಗಲೂ ಅದು ನಡೆಯುತ್ತಿತ್ತು.